ದುರಸ್ತಿ ತಂತ್ರಾಂಶದಿಂದಲೇ ಕೆಟ್ಟ ಗಣಕಯಂತ್ರ: ದೋಷ ಪತ್ತೆ ಮತ್ತು ಪರಿಹಾರ ಕ್ರಮ

(ಅಧ್ಯಯನ ಪಾಠ: ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು, ಕಾರ್ಯದರ್ಶಿಗಳು, ದ್ವಿತೀಯ ದರ್ಜೆ ಲೆಕ್ಕ ಸಹಾಯಕರು ಹಾಗೂ ಡಾಟಾ ಎಂಟ್ರಿ ಆಪರೇಟರುಗಳ ಉಪಯೋಗಕ್ಕಾಗಿ)

1. ಪೀಠಿಕೆ

ಗ್ರಾಮ ಪಂಚಾಯತಿಯ ದೈನಂದಿನ ಕಾರ್ಯಭಾರದ ಬಹುಪಾಲು ಇಂದು ಒಂದು ಅಥವಾ ಎರಡು ಗಣಕಯಂತ್ರಗಳ ಮೂಲಕವೇ ಸಾಗುತ್ತದೆ. ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11, ಪಂಚತಂತ್ರದಲ್ಲಿನ ತೆರಿಗೆ ಬೇಡಿಕೆ, ವಸೂಲಿ ಹಾಗೂ ಬಾಕಿಯ ಲೆಕ್ಕ, ಇ-ಗ್ರಾಮಸ್ವರಾಜ್ ಮೂಲಕ ಹಣಕಾಸು ಆಯೋಗದ ಅನುದಾನದ ಪಾವತಿ, ಉದ್ಯೋಗ ಖಾತ್ರಿ ಕೂಲಿಯ ಹಣ ವರ್ಗಾವಣೆ ಆದೇಶ, ಬಾಪೂಜಿ ಸೇವಾ ಕೇಂದ್ರದ ಅರ್ಜಿಗಳು ಇವೆಲ್ಲವೂ ಆ ಯಂತ್ರವನ್ನೇ ಅವಲಂಬಿಸಿವೆ. ಯಂತ್ರ ನಿಧಾನವಾದಾಗ ಸಿಬ್ಬಂದಿಗೆ ಆತಂಕವಾಗುವುದು ಸಹಜ. ಆ ಆತಂಕದ ಗಳಿಗೆಯಲ್ಲಿ ಅಂತರ್ಜಾಲದಿಂದ ಉಚಿತವಾಗಿ ದೊರೆಯುವ ಯಾವುದೋ ‘ಗಣಕಯಂತ್ರ ದುರಸ್ತಿ’ ತಂತ್ರಾಂಶವನ್ನು ಇಳಿಸಿಕೊಂಡು ಒಂದು ಗುಂಡಿ ಒತ್ತಿಬಿಡುವ ರೂಢಿ ಹಲವು ಕಚೇರಿಗಳಲ್ಲಿದೆ. ನಿಧಾನವಾಗಿದ್ದ ಯಂತ್ರ ಮರುದಿನ ನಿಂತೇ ಹೋಗುತ್ತದೆ. ಇಲ್ಲವೆ ಡಿಜಿಟಲ್ ಸಹಿಯ ಟೋಕನ್ ಕಾಣುವುದಿಲ್ಲ, ಮುದ್ರಕ ಮಾತು ಕೇಳುವುದಿಲ್ಲ, ನುಡಿಯಲ್ಲಿ ಬೆರಳಚ್ಚು ಮಾಡಿದ ಸಭಾ ನಡವಳಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ.

ಇದರ ಪರಿಣಾಮ ಕಚೇರಿಯ ನಾಲ್ಕು ಗೋಡೆಗಳೊಳಗೆ ನಿಲ್ಲುವುದಿಲ್ಲ. ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ಅನೇಕ ಕುಟುಂಬಗಳು ಬೇಸಿಗೆಯಲ್ಲಿ ಕೂಲಿಯನ್ನೇ ನೆಚ್ಚಿಕೊಂಡಿರುತ್ತವೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯು ಕೂಲಿಯನ್ನು 15 ದಿನಗಳೊಳಗೆ ಪಾವತಿಸಬೇಕೆಂದು ವಿಧಿಸಿತ್ತು; ಅದು ಮೀರಿದರೆ ವಿಳಂಬದ ಪ್ರತಿ ದಿನಕ್ಕೆ ಬಾಕಿ ಕೂಲಿಯ ಶೇ. 0.05ರಂತೆ ಪರಿಹಾರವನ್ನೂ ನಿಗದಿಪಡಿಸಿತ್ತು. ಡಿಜಿಟಲ್ ಸಹಿ ಬೀಳದ ಪ್ರತಿಯೊಂದು ದಿನವೂ ಆ ಹದಿನೈದರಲ್ಲಿ ಒಂದು ದಿನವೆಂಬುದನ್ನು ಮರೆಯಬಾರದು. ದುರಸ್ತಿ ತಂತ್ರಾಂಶದಿಂದ ಉಂಟಾದ ದೋಷವನ್ನು ಕ್ರಮಬದ್ಧವಾಗಿ ಗುರುತಿಸಿ, ಕಚೇರಿಯ ಹಂತದಲ್ಲಿಯೇ ಸಾಧ್ಯವಾದಷ್ಟು ಸರಿಪಡಿಸುವ ವಿಧಾನವನ್ನು ತಿಳಿಸುವುದು ಈ ಪಾಠದ ಉದ್ದೇಶ.

2. ದುರಸ್ತಿ ತಂತ್ರಾಂಶವು ಏನು ಮಾಡುತ್ತದೆ?

ಇಂತಹ ತಂತ್ರಾಂಶಗಳು ಸಾಮಾನ್ಯವಾಗಿ ನಾಲ್ಕು ಕೆಲಸಗಳನ್ನು ಮಾಡುತ್ತವೆ.

ಅ) ರಿಜಿಸ್ಟ್ರಿ ಶುಚಿ: ರಿಜಿಸ್ಟ್ರಿ ಎಂಬುದು ವಿಂಡೋಸ್‌ನ ಮೂಲ ದಾಖಲೆ ಪುಸ್ತಕ. ಯಾವ ತಂತ್ರಾಂಶ ಎಲ್ಲಿದೆ, ಯಾವ ಸಾಧನಕ್ಕೆ ಯಾವ ಡ್ರೈವರ್ ಎಂಬ ವಿವರಗಳು ಅದರಲ್ಲಿರುತ್ತವೆ. ದುರಸ್ತಿ ತಂತ್ರಾಂಶವು ತನಗೆ ಅರ್ಥವಾಗದ ನಮೂದುಗಳನ್ನು ‘ದೋಷ’ವೆಂದು ಪರಿಗಣಿಸಿ ಅಳಿಸುತ್ತದೆ. ಪಹಣಿಯಲ್ಲಿ ಗುರುತು ಸಿಗದ ಹೆಸರುಗಳನ್ನೆಲ್ಲ ವಿಚಾರಣೆಯಿಲ್ಲದೆ ಹೊಡೆದುಹಾಕಿದಂತೆ ಇದು. ಉಳಿದುಹೋದ ಹಳೆಯ ನಮೂದುಗಳಿಂದ ಯಂತ್ರದ ವೇಗಕ್ಕೆ ಗಮನಾರ್ಹ ತೊಂದರೆಯಿಲ್ಲ. ಬೇಕಾದ ಒಂದು ನಮೂದು ಅಳಿದರೆ ಮಾತ್ರ ಕೆಲಸವೇ ನಿಲ್ಲುತ್ತದೆ. ರಿಜಿಸ್ಟ್ರಿ ಶುಚಿಗೊಳಿಸುವ ತಂತ್ರಾಂಶಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲವೆಂದು ವಿಂಡೋಸ್ ತಯಾರಕರಾದ ಮೈಕ್ರೋಸಾಫ್ಟ್ ಸಂಸ್ಥೆಯೇ ಸ್ಪಷ್ಟಪಡಿಸಿದೆ.

ಆ) ಡ್ರೈವರ್ ಬದಲಾವಣೆ: ಮುದ್ರಕ, ಸ್ಕ್ಯಾನರ್, ಬೆರಳಚ್ಚು ಗುರುತಿನ ಸಾಧನ ಮೊದಲಾದವುಗಳಿಗೆ ‘ಹೊಸ’ ಡ್ರೈವರ್ ತುಂಬುತ್ತದೆ. ಹೊಸದು ಆ ಮಾದರಿಗೆ ಹೊಂದದಿದ್ದರೆ ಸಾಧನ ಕೆಲಸ ಮಾಡುವುದಿಲ್ಲ.

ಇ) ಆರಂಭಿಕ ಕಾರ್ಯಕ್ರಮಗಳ ನಿಲುಗಡೆ: ವೇಗದ ಹೆಸರಿನಲ್ಲಿ ಹಿನ್ನೆಲೆಯ ಸೇವೆಗಳನ್ನು ನಿಲ್ಲಿಸುತ್ತದೆ. ಸಹಿಯ ಟೋಕನ್‌ಗೆ ಬೇಕಾದ ಸೇವೆಯೂ ಅವುಗಳಲ್ಲಿ ಸೇರಿರಬಹುದು.

ಈ) ಬ್ರೌಸರ್ ಮತ್ತು ಜಾಲ ಹೊಂದಾಣಿಕೆಗಳ ಬದಲಾವಣೆ: ಮುಖಪುಟ, ಹುಡುಕು ತಾಣ ಹಾಗೂ ಪ್ರಾಕ್ಸಿ ಹೊಂದಾಣಿಕೆಗಳನ್ನು ಬದಲಿಸುತ್ತದೆ.

ಪರದೆಯ ಮೇಲೆ ‘ಸಾವಿರಾರು ದೋಷಗಳಿವೆ’ ಎಂಬ ಕೆಂಪು ಅಂಕಿ ಕಂಡಾಗ ಅದನ್ನು ರೋಗನಿದಾನವೆಂದು ನಂಬಬಾರದು. ಬ್ರೌಸರ್ ಉಳಿಸಿದ ಸಣ್ಣಪುಟ್ಟ ಕುಕೀಗಳನ್ನೂ ಒಂದೊಂದಾಗಿ ದೋಷವೆಂದು ಎಣಿಸಿ ಅಂಕಿಯನ್ನು ಬೆಳೆಸುವುದುಂಟು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ಇತ್ಯರ್ಥಪಡಿಸಿದ ಒಂದು ಪ್ರಕರಣ ಇದಕ್ಕೆ ನಿದರ್ಶನ. ಆಫೀಸ್ ಡಿಪೋ ಎಂಬ ಮಾರಾಟ ಸಂಸ್ಥೆಯ ಮಳಿಗೆಗಳಲ್ಲಿ ಗ್ರಾಹಕರ ಗಣಕಯಂತ್ರಗಳನ್ನು ‘ಆರೋಗ್ಯ ತಪಾಸಣೆ’ಗೆ ಒಳಪಡಿಸಲಾಗುತ್ತಿತ್ತು. ಯಂತ್ರ ನಿಧಾನವಾಗಿದೆಯೆ ಎಂಬಂತಹ ಪ್ರಶ್ನೆಗೆ ಹೌದೆಂದು ಗುರುತು ಹಾಕಿದೊಡನೆ, ತಪಾಸಣೆಯಲ್ಲಿ ಏನೇ ಕಂಡರೂ, ದುರುದ್ದೇಶದ ತಂತ್ರಾಂಶದ ಲಕ್ಷಣಗಳಿವೆಯೆಂಬ ಫಲಿತಾಂಶ ಬರುತ್ತಿತ್ತೆಂಬುದು ಆಯೋಗದ ಆರೋಪ. ಆ ಸಂಸ್ಥೆ ಹಾಗೂ ತಂತ್ರಾಂಶ ಒದಗಿಸಿದ ಸಪೋರ್ಟ್ ಡಾಟ್ ಕಾಮ್ ಸೇರಿ 3.5 ಕೋಟಿ ಡಾಲರ್ ತೆರಲು ಒಪ್ಪಿದವು. 2024ರಲ್ಲಿ ರೆಸ್ಟೋರೋ ಮತ್ತು ರೀಇಮೇಜ್ ಎಂಬ ದುರಸ್ತಿ ತಂತ್ರಾಂಶಗಳ ಸಂಸ್ಥೆಗಳು ಇಂತಹುದೇ ಆರೋಪದ ಮೇಲೆ 2.6 ಕೋಟಿ ಡಾಲರ್ ತೆರಲು ಒಪ್ಪಿದವು.

ಹೆಸರಾಂತ ತಂತ್ರಾಂಶವಾದರೆ ಅಪಾಯವಿಲ್ಲವೆಂದು ಭಾವಿಸುವುದೂ ಸರಿಯಲ್ಲ. 2017ರಲ್ಲಿ ಸಿಕ್ಲೀನರ್ ಎಂಬ ಜನಪ್ರಿಯ ಶುಚಿ ತಂತ್ರಾಂಶದ 5.33ನೆಯ ಆವೃತ್ತಿಯೊಳಗೆ ದಾಳಿಕೋರರು ದುರುದ್ದೇಶದ ಸಂಕೇತಗಳನ್ನು ಸೇರಿಸಿದ್ದರು. ಅದು ತಯಾರಕರ ಅಧಿಕೃತ ತಾಣದಿಂದಲೇ, ಸಿಂಧುವಾದ ಡಿಜಿಟಲ್ ಸಹಿಯೊಡನೆಯೇ ವಿತರಣೆಯಾಗಿ ಸುಮಾರು 22 ಲಕ್ಷ 70 ಸಾವಿರ ಯಂತ್ರಗಳನ್ನು ತಲುಪಿತ್ತು.

3. ಮೂಲ ತತ್ತ್ವ: ಬದಲಾದದ್ದೇನು ಎಂಬ ಪ್ರಶ್ನೆ

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನ ಹೊಲಕ್ಕೆ ನೀರು ತಲುಪದಿದ್ದಾಗ ಅನುಭವಿ ನೀರಗಂಟಿಯು ಎಲ್ಲ ತೂಬುಗಳನ್ನೂ ಒಮ್ಮೆಲೇ ತಿರುಗಿಸುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಒಂದೊಂದೇ ತೂಬನ್ನು ನೋಡುತ್ತಾ ಹೋಗಿ, ನೀರು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂಬುದನ್ನು ಮೊದಲು ಅರಿಯುತ್ತಾನೆ. ಎಲ್ಲವನ್ನೂ ಏಕಕಾಲಕ್ಕೆ ತಿರುಗಿಸಿದರೆ ನೀರು ಬಂದರೂ ಕಾರಣ ತಿಳಿಯದು; ಬಾರದಿದ್ದರೆ ಮೊದಲಿನ ಸ್ಥಿತಿಗೆ ಮರಳಲೂ ಆಗದು.

ಗಣಕಯಂತ್ರದ ದೋಷ ಪತ್ತೆಯೂ ಹೀಗೆಯೇ. ದುರಸ್ತಿ ತಂತ್ರಾಂಶದ ಮುಖ್ಯ ಹಾನಿ ಯಾವುದೋ ಒಂದು ಕಡತವನ್ನು ಅಳಿಸುವುದಕ್ಕಿಂತ, ನೂರಾರು ಬದಲಾವಣೆಗಳನ್ನು ಒಂದೇ ಗಳಿಗೆಯಲ್ಲಿ ಮಾಡಿ ಮೂಲ ದೋಷದ ಜಾಡನ್ನೂ ಅಳಿಸಿಬಿಡುವುದರಲ್ಲಿದೆ. ಆದುದರಿಂದ ಪರಿಹಾರದ ಮಾರ್ಗ ಹೊಸ ದುರಸ್ತಿಯಲ್ಲ. ಆದ ಬದಲಾವಣೆಗಳನ್ನು ಕ್ರಮವಾಗಿ ಹಿಂತೆಗೆಯುವುದು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಯ ನಂತರ ಒಂದು ಪರೀಕ್ಷೆ, ಪ್ರತಿ ಪರೀಕ್ಷೆಯ ಫಲಿತಾಂಶಕ್ಕೆ ವಹಿಯಲ್ಲಿ ಒಂದು ಸಾಲು: ಇಡೀ ಪಾಠದ ಸಾರ ಇಷ್ಟೇ.

4. ಅನುಸರಿಸಬೇಕಾದ ಕ್ರಮ

ಹಂತ 1: ನಿಲ್ಲಿಸುವುದು. ‘ಎಲ್ಲವನ್ನೂ ಸರಿಪಡಿಸು’ ಎಂಬ ಗುಂಡಿಯನ್ನು ಮತ್ತೆ ಒತ್ತಬಾರದು. ಮೊದಲನೆಯದರ ಹಾನಿಯನ್ನು ಸರಿಪಡಿಸಲೆಂದು ಎರಡನೆಯ ದುರಸ್ತಿ ತಂತ್ರಾಂಶವನ್ನು ತುಂಬಬಾರದು. ಪರದೆಯ ಮೇಲಿನ ಸಂದೇಶದ ಛಾಯಾಚಿತ್ರ ತೆಗೆದು, ತಂತ್ರಾಂಶದ ಹೆಸರು, ಚಾಲನೆ ಮಾಡಿದ ದಿನಾಂಕ ಮತ್ತು ವೇಳೆಯನ್ನು ಬರೆದಿಡಬೇಕು.

ಹಂತ 2: ಕಡತಗಳ ನಕಲು. ಇ-ಸ್ವತ್ತು, ಪಂಚತಂತ್ರ ಮೊದಲಾದವುಗಳ ದತ್ತಾಂಶ ಸರ್ಕಾರದ ಸರ್ವರ್‌ನಲ್ಲಿರುವುದರಿಂದ ಅವು ಕಚೇರಿಯ ಯಂತ್ರ ಕೆಟ್ಟ ಕಾರಣಕ್ಕೆ ನಾಶವಾಗುವುದಿಲ್ಲ. ಆದರೆ ಬೆರಳಚ್ಚು ಮಾಡಿದ ನಡವಳಿಗಳು, ಠರಾವುಗಳು, ಸ್ಕ್ಯಾನ್ ಮಾಡಿದ ಅರ್ಜಿಗಳು, ಕಾಮಗಾರಿಯ ಛಾಯಾಚಿತ್ರಗಳು ಯಂತ್ರದಲ್ಲಷ್ಟೇ ಇರಬಹುದು. ಮುಂದಿನ ಯಾವುದೇ ಹಂತಕ್ಕೆ ಮುನ್ನ ಅವುಗಳನ್ನು ಹೊರಗಿನ ಡಿಸ್ಕ್‌ಗೆ ನಕಲಿಸಬೇಕು.

ಹಂತ 3: ದುರಸ್ತಿ ತಂತ್ರಾಂಶದ ಮೂಲಕವೇ ಹಿಂತೆಗೆಯುವುದು. ಬಹುತೇಕರು ಸಿಟ್ಟಿನಲ್ಲಿ ಆ ತಂತ್ರಾಂಶವನ್ನು ಮೊದಲು ಕಿತ್ತುಹಾಕುತ್ತಾರೆ. ಇದು ಅವಸರದ ಕ್ರಮ. ಇಂತಹ ಅನೇಕ ತಂತ್ರಾಂಶಗಳು ತಾವು ಅಳಿಸಿದ ನಮೂದುಗಳ ಹಾಗೂ ಹಳೆಯ ಡ್ರೈವರ್‌ಗಳ ಪ್ರತಿಯನ್ನು ಇಟ್ಟುಕೊಂಡಿರುತ್ತವೆ. ತಂತ್ರಾಂಶವನ್ನು ತೆಗೆದರೆ ಆ ಪ್ರತಿಯೂ ಹೋಗಬಹುದು. ಆದ್ದರಿಂದ ಅಂತರ್ಜಾಲ ಸಂಪರ್ಕವನ್ನು ಕಡಿದು, ‘ಬ್ಯಾಕಪ್’, ‘ರೀಸ್ಟೋರ್’ ಅಥವಾ ‘ಅನ್‌ಡೂ’ ಎಂಬ ಆಯ್ಕೆಯನ್ನು ಹುಡುಕಿ, ಮೊದಲಿನ ಸ್ಥಿತಿಗೆ ಮರಳಿಸಿ, ಯಂತ್ರವನ್ನು ಮರುಚಾಲನೆ ಮಾಡಿ ಪರೀಕ್ಷಿಸಬೇಕು. ಹಿಂತೆಗೆಯಲು ಹಣ ಕೇಳಿದರೆ ಕೊಡಬಾರದು. ಮುಂದಿನ ಹಂತಕ್ಕೆ ಹೋಗಬೇಕು.

ಹಂತ 4: ವಿಂಡೋಸ್‌ನ ಸಿಸ್ಟಂ ರೀಸ್ಟೋರ್. ಕಂಟ್ರೋಲ್ ಪ್ಯಾನೆಲ್‌ನ ರಿಕವರಿ ವಿಭಾಗದಲ್ಲಿ ಇದು ದೊರೆಯುತ್ತದೆ. ದುರಸ್ತಿ ತಂತ್ರಾಂಶ ತುಂಬುವುದಕ್ಕೆ ಮುಂಚಿನ ದಿನಾಂಕದ ‘ರೀಸ್ಟೋರ್ ಪಾಯಿಂಟ್’ ಆಯ್ದುಕೊಂಡರೆ ರಿಜಿಸ್ಟ್ರಿ, ಡ್ರೈವರ್ ಮತ್ತು ತಂತ್ರಾಂಶಗಳು ಆ ದಿನದ ಸ್ಥಿತಿಗೆ ಮರಳುತ್ತವೆ. ಕಚೇರಿಯ ಕಡತಗಳಿಗೆ ಧಕ್ಕೆಯಾಗದು. ಆದರೆ ಆ ದಿನಾಂಕದ ನಂತರ ಸೇರಿಸಿದ ತಂತ್ರಾಂಶಗಳನ್ನು ಪುನಃ ತುಂಬಬೇಕಾಗುತ್ತದೆ. ಅಳಿದುಹೋದ ಕಡತಗಳನ್ನು ಇದು ಮರಳಿಸುವುದಿಲ್ಲವಾದ್ದರಿಂದ ನಕಲು ಪ್ರತಿಗೆ ಇದು ಬದಲಿಯಲ್ಲ.

ಹಂತ 5: ದುರಸ್ತಿ ತಂತ್ರಾಂಶವನ್ನು ತೆಗೆಯುವುದು. ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಿಂದ ತೆಗೆದ ಮೇಲೆ ಮೂರು ಕಡೆ ಉಳಿಕೆಗಳನ್ನು ನೋಡಬೇಕು: ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿ, ಟಾಸ್ಕ್ ಶೆಡ್ಯೂಲರ್, ಬ್ರೌಸರ್‌ನ ಎಕ್ಸ್‌ಟೆನ್ಷನ್‌ಗಳು. ವಿಂಡೋಸ್ ಸೆಕ್ಯುರಿಟಿಯನ್ನು ಅದು ನಿಲ್ಲಿಸಿದ್ದರೆ ಮತ್ತೆ ಚಾಲ್ತಿಗೊಳಿಸಿ, ಪೂರ್ಣ ತಪಾಸಣೆ ನಡೆಸಬೇಕು.

ಹಂತ 6: ವಿಂಡೋಸ್‌ನ ಸ್ವಂತ ಕಡತಗಳ ಪರಿಶೀಲನೆ. ದೋಷ ಇನ್ನೂ ಉಳಿದಿದ್ದರೆ ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಮೊದಲು ‘ಡಿಸ್ಮ್’ ಆದೇಶದ ‘ರೀಸ್ಟೋರ್ ಹೆಲ್ತ್’ ಆಯ್ಕೆಯನ್ನು, ಅದು ಮುಗಿದ ಬಳಿಕ ‘ಎಸ್‌ಎಫ್‌ಸಿ’ ಆದೇಶದ ‘ಸ್ಕ್ಯಾನ್‌ನೌ’ ಆಯ್ಕೆಯನ್ನು ನಡೆಸಬೇಕು. ಎರಡನೆಯ ಆದೇಶವು ಹಾಳಾದ ಕಡತಕ್ಕೆ ಬದಲಿಯನ್ನು ವಿಂಡೋಸ್‌ನ ಒಳ ಉಗ್ರಾಣದಿಂದ ತರುತ್ತದೆ. ಮೊದಲನೆಯ ಆದೇಶವು ಆ ಉಗ್ರಾಣವನ್ನೇ ಸರಿಪಡಿಸುತ್ತದೆ. ಆದ್ದರಿಂದಲೇ ಈ ಅನುಕ್ರಮ. ಮೊದಲನೆಯದಕ್ಕೆ ಸಾಮಾನ್ಯವಾಗಿ ಅಂತರ್ಜಾಲ ಸಂಪರ್ಕ ಬೇಕು. ಎರಡೂ ನಡೆಯುವಾಗ ವಿದ್ಯುತ್ ಹೋಗದಂತೆ ಯುಪಿಎಸ್‌ನ ಬ್ಯಾಟರಿಯನ್ನು ಮುಂಚಿತವಾಗಿ ನೋಡಿಕೊಳ್ಳಬೇಕು.

ಯಂತ್ರವು ಆರಂಭವೇ ಆಗದಿದ್ದಲ್ಲಿ ವಿಂಡೋಸ್‌ನ ರಿಕವರಿ ಪರದೆಯಿಂದ ಸೇಫ್ ಮೋಡ್‌ಗೆ ಹೋಗಿ, ಅಥವಾ ಅಲ್ಲಿಂದಲೇ ಸಿಸ್ಟಂ ರೀಸ್ಟೋರ್ ತೆರೆದು, ಮೇಲಿನ ಕ್ರಮವನ್ನು ಅನುಸರಿಸಬಹುದು. ಡಿಸ್ಕ್ ಅನ್ನು ಬಿಟ್‌ಲಾಕರ್‌ನಿಂದ ಭದ್ರಪಡಿಸಿದ್ದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದನ್ನು ಮೊದಲೇ ಬರೆದು ಕಚೇರಿಯ ಕಪಾಟಿನಲ್ಲಿ ಭದ್ರವಾಗಿಟ್ಟಿರಬೇಕು.

5. ಲಕ್ಷಣಗಳಿಗೆ ಅನುಸಾರ ಪರಿಹಾರ

ಅ) ಡಿಜಿಟಲ್ ಸಹಿಯ ಟೋಕನ್ ಕಾಣದಿರುವುದು: ಮೊದಲು ಟೋಕನ್ ಅನ್ನು ಬೇರೊಂದು ಯುಎಸ್‌ಬಿ ಕಿಂಡಿಗೆ ಹಾಕಿ ನೋಡಬೇಕು. ಬಳಿಕ ಸರ್ವೀಸಸ್ ಪಟ್ಟಿಯಲ್ಲಿ ‘ಸ್ಮಾರ್ಟ್ ಕಾರ್ಡ್’ ಸೇವೆ ನಿಂತಿದೆಯೆ ಎಂದು ಪರಿಶೀಲಿಸಬೇಕು. ಆ ಮೇಲೂ ಕಾಣದಿದ್ದರೆ ಟೋಕನ್ ತಯಾರಕರ ತಂತ್ರಾಂಶವನ್ನು ಅವರ ಅಧಿಕೃತ ತಾಣದಿಂದ ಪಡೆದು ಮರುಸ್ಥಾಪಿಸಬೇಕು. ಇಲ್ಲಿ ಎರಡು ಎಚ್ಚರಿಕೆಗಳು: ‘ಇನಿಷಿಯಲೈಸ್’ ಎಂಬ ಆಯ್ಕೆಯನ್ನು ಎಂದಿಗೂ ಒತ್ತಬಾರದು, ಅದು ಟೋಕನ್‌ನೊಳಗಿನ ಸಹಿಯನ್ನೇ ಅಳಿಸುತ್ತದೆ, ಗುಪ್ತಸಂಖ್ಯೆಯನ್ನು ಊಹಿಸಿ ಪದೇ ಪದೇ ನಮೂದಿಸಬಾರದು, ಟೋಕನ್ ಬಂದ್ ಆಗುತ್ತದೆ. ಈ ಎರಡು ತಪ್ಪುಗಳಾದರೆ ಅರ್ಧ ತಾಸಿನ ಕೆಲಸವು ಹೊಸ ಸಹಿ ಪಡೆಯುವವರೆಗಿನ ವಿಳಂಬವಾಗಿ ಪರಿಣಮಿಸಬಹುದು.

ಆ) ನುಡಿಯ ಬರಹ ವಿಚಿತ್ರವಾಗಿ ಕಾಣುವುದು: ನುಡಿಯ ಹಳೆಯ ಕಡತಗಳಲ್ಲಿ ಕನ್ನಡವು ಇಂಗ್ಲಿಷ್ ಅಕ್ಷರಗಳ ಸಂಕೇತ ಸ್ಥಾನಗಳಲ್ಲಿ ಸಂಗ್ರಹವಾಗಿರುತ್ತದೆ, ನುಡಿ ಫಾಂಟ್ ಅದನ್ನು ಕನ್ನಡವಾಗಿ ತೋರಿಸುತ್ತದೆ. ಫಾಂಟ್‌ನ ನಮೂದು ಅಳಿದರೆ ಬರಹ ಅರ್ಥಹೀನವಾಗಿ ಕಾಣುತ್ತದೆಯೇ ಹೊರತು ನಾಶವಾಗಿರುವುದಿಲ್ಲ. ಹಾಗೆ ಕಾಣುವ ಕಡತವನ್ನು ತಿದ್ದಬಾರದು, ಅಳಿಸಬಾರದು. ನುಡಿಯನ್ನು ಮರುಸ್ಥಾಪಿಸಿ ಅದೇ ಫಾಂಟ್ ಆಯ್ದರೆ ನಡವಳಿ ಮೊದಲಿನಂತೆ ಓದಲು ಬರುತ್ತದೆ. ಹೊಸ ಬರಹಗಳನ್ನು ಯುನಿಕೋಡ್‌ನಲ್ಲಿ ಸಿದ್ಧಪಡಿಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಇ) ಮುದ್ರಕ, ಸ್ಕ್ಯಾನರ್ ಅಥವಾ ಬೆರಳಚ್ಚು ಸಾಧನ ನಿಲ್ಲುವುದು: ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನದ ಡ್ರೈವರ್ ಪುಟಕ್ಕೆ ಹೋಗಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಬೇಕು. ಆ ಗುಂಡಿ ಮಸುಕಾಗಿದ್ದರೆ ಹಳೆಯ ಡ್ರೈವರ್ ಯಂತ್ರದಲ್ಲಿ ಉಳಿದಿಲ್ಲವೆಂದು ಅರ್ಥ. ಆಗ ಸಾಧನದ ಮಾದರಿ ಸಂಖ್ಯೆಯನ್ನು ನೋಡಿ ತಯಾರಕರ ಡ್ರೈವರ್ ತುಂಬಬೇಕು.

ಈ) ಮೊಬೈಲಿನಲ್ಲಿ ತೆರೆಯುವ ತಾಣ ಗಣಕಯಂತ್ರದಲ್ಲಿ ತೆರೆಯದಿರುವುದು: ಮೊದಲು ಯಂತ್ರದ ದಿನಾಂಕ ಮತ್ತು ವೇಳೆಯನ್ನು ನೋಡಬೇಕು. ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸವೆದು ದಿನಾಂಕ ಹಿಂದಕ್ಕೆ ಹೋಗಿದ್ದರೂ ಸುರಕ್ಷಿತ ತಾಣಗಳು ತೆರೆಯುವುದಿಲ್ಲ. ಅದು ದುರಸ್ತಿ ತಂತ್ರಾಂಶದ ದೋಷವಲ್ಲ. ದಿನಾಂಕ ಸರಿಯಿದ್ದರೆ ನೆಟ್‌ವರ್ಕ್ ಸೆಟ್ಟಿಂಗ್ಸ್‌ನ ಪ್ರಾಕ್ಸಿ ಪುಟದಲ್ಲಿ, ಕಚೇರಿಗೆ ಪ್ರಾಕ್ಸಿಯ ಅಗತ್ಯವಿಲ್ಲದ ಪಕ್ಷದಲ್ಲಿ, ಅದನ್ನು ನಿಲ್ಲಿಸಬೇಕು.

ಉ) ಲಾಗಿನ್ ಮತ್ತೆ ಮತ್ತೆ ಕೇಳುವುದು: ಇದು ಕುಕೀಗಳು ಅಳಿದ ಪರಿಣಾಮ. ಒಮ್ಮೆ ಲಾಗಿನ್ ಆದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

6. ಒಂದು ಮಾದರಿ ಅಭ್ಯಾಸ

ಪಾಠಕ್ಕೆಂದು ಕಲ್ಪಿಸಿಕೊಂಡ ಸನ್ನಿವೇಶವಿದು. ಮಾನ್ವಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯತಿಯಲ್ಲಿ ಸೋಮವಾರ ಸಂಜೆ ದುರಸ್ತಿ ತಂತ್ರಾಂಶ ಚಾಲನೆಯಾಗಿದೆ. ಮಂಗಳವಾರ ಬೆಳಿಗ್ಗೆ ಟೋಕನ್ ಕಾಣುತ್ತಿಲ್ಲ, ಮುದ್ರಕವೂ ನಿಂತಿದೆ. ಆಸ್ತಿ ನೋಂದಣಿಗೆ ನಮೂನೆ 9 ಬೇಕಾದ ಅರ್ಜಿದಾರರು ಬಾಗಿಲಲ್ಲಿದ್ದಾರೆ.

ಸಿಬ್ಬಂದಿಯು ಸಂದೇಶದ ಚಿತ್ರ ತೆಗೆದು, ನಡವಳಿಗಳನ್ನು ನಕಲಿಸಿ, ತಂತ್ರಾಂಶದ ರೀಸ್ಟೋರ್ ಆಯ್ಕೆಯಿಂದ ರಿಜಿಸ್ಟ್ರಿ ನಮೂದುಗಳನ್ನಷ್ಟೇ ಮರಳಿಸುತ್ತಾರೆ. ಮರುಚಾಲನೆಯ ನಂತರ ಮುದ್ರಕ ನಡೆಯುತ್ತದೆ, ಟೋಕನ್ ಇನ್ನೂ ಕಾಣದು. ಅಂದರೆ ಮುದ್ರಕದ ದೋಷ ರಿಜಿಸ್ಟ್ರಿಯದು, ಟೋಕನ್‌ನ ದೋಷ ಬೇರೆಯದು. ಸರ್ವೀಸಸ್ ಪಟ್ಟಿ ನೋಡಿದಾಗ ಸ್ಮಾರ್ಟ್ ಕಾರ್ಡ್ ಸೇವೆ ನಿಂತಿರುವುದು ತಿಳಿಯುತ್ತದೆ. ಅದನ್ನು ಚಾಲ್ತಿಗೊಳಿಸಿದ ಮೇಲೆ ಟೋಕನ್ ಕಾಣುತ್ತದೆ. ಎರಡೂ ಕಾರಣಗಳು ವಹಿಯಲ್ಲಿ ದಾಖಲಾಗುತ್ತವೆ. ಇದೇ ಸಿಬ್ಬಂದಿ ಎಲ್ಲ ಕ್ರಮಗಳನ್ನೂ ಒಟ್ಟಿಗೆ ಕೈಗೊಂಡಿದ್ದರೆ ಯಂತ್ರ ಸರಿಹೋದರೂ ಕಾರಣ ತಿಳಿಯುತ್ತಿರಲಿಲ್ಲ. ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತಿತ್ತು.

7. ದೂರವಾಣಿ ಕರೆ ಮತ್ತು ದೂರನಿಯಂತ್ರಣ

‘ನಿಮ್ಮ ಯಂತ್ರಕ್ಕೆ ವೈರಸ್ ತಗಲಿದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂದು ಪರದೆಯ ಮೇಲೆ ಮೂಡುವ ಸಂದೇಶ ವಂಚನೆಯ ಮೊದಲ ಮೆಟ್ಟಿಲು. ಕೇಂದ್ರೀಯ ತನಿಖಾ ದಳವು 2023ರ ಅಕ್ಟೋಬರ್‌ನಲ್ಲಿ ‘ಆಪರೇಷನ್ ಚಕ್ರ-2’ ಹೆಸರಿನಲ್ಲಿ ದೇಶದ 76 ಕಡೆ ಶೋಧ ನಡೆಸಿದಾಗ, ತಾಂತ್ರಿಕ ನೆರವಿನ ಸೋಗಿನಲ್ಲಿ ವಂಚಿಸುತ್ತಿದ್ದ ಜಾಲಗಳೂ ಅದರ ಗುರಿಯಾಗಿದ್ದವು. ಅಪರಿಚಿತರಿಗೆ ಯಂತ್ರದ ದೂರನಿಯಂತ್ರಣ ನೀಡಿದ್ದಾದರೆ ಅದು ಬರಿಯ ಗಣಕಯಂತ್ರ ದೋಷವಾಗಿ ಉಳಿಯದೆ ಸೈಬರ್ ಘಟನೆಯಾಗುತ್ತದೆ. ಆಗ ಕೂಡಲೇ ಅಂತರ್ಜಾಲ ಕಡಿದು, ಟೋಕನ್ ಹೊರತೆಗೆದು, ಬೇರೊಂದು ಸುರಕ್ಷಿತ ಯಂತ್ರದಿಂದ ಎಲ್ಲ ಗುಪ್ತಪದಗಳನ್ನು ಬದಲಿಸಬೇಕು. ತಾಲ್ಲೂಕು ಪಂಚಾಯತಿಗೆ ಹಾಗೂ ರಾಯಚೂರಿನ ಜಿಲ್ಲಾ ಪಂಚಾಯತಿಗೆ ತಡವಿಲ್ಲದೆ ತಿಳಿಸಬೇಕು. ಹಣ ಹೋಗಿದ್ದರೆ 1930 ಸಹಾಯವಾಣಿಗೆ ಕರೆ ಮಾಡಬೇಕು. ಸರ್ಕಾರಿ ಸಂಸ್ಥೆಗಳು ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ಸಿಇಆರ್‌ಟಿ-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿದೆ. ಹೆದರಿ ಮುಚ್ಚಿಡುವ ಸಿಬ್ಬಂದಿಗಿಂತ ಒಡನೆ ತಿಳಿಸುವ ಸಿಬ್ಬಂದಿಯಿಂದ ಕಚೇರಿಗೆ ಹೆಚ್ಚು ರಕ್ಷಣೆ. ಮೇಲಧಿಕಾರಿಗಳೂ ತಿಳಿಸಿದವರನ್ನು ಗದರಿಸದೆ ನೆರವಾಗುವುದು ಉಚಿತ.

8. ಯಂತ್ರ ನಿಧಾನವಾಗಲು ನಿಜವಾದ ಕಾರಣಗಳು

ರಾಯಚೂರು ಜಿಲ್ಲೆಯಲ್ಲಿ ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಧೂಳು ತುಂಬಿದ ಫ್ಯಾನ್ ಇರುವ ಯಂತ್ರ ಬಿಸಿಯಾದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇದನ್ನು ಯಾವ ತಂತ್ರಾಂಶವೂ ಸರಿಪಡಿಸದು, ಒಂದು ಮೆತ್ತನೆಯ ಕುಂಚ ಸರಿಪಡಿಸುತ್ತದೆ. ಸಿ ಡ್ರೈವ್ ತುಂಬಿರುವುದು, ಹಳೆಯ ಹಾರ್ಡ್ ಡಿಸ್ಕ್, ಕಡಿಮೆ ರ್‍ಯಾಮ್, ಏರಿಳಿಯುವ ವೋಲ್ಟೇಜ್, ನಿಧಾನಗತಿಯ ಅಂತರ್ಜಾಲ ಇವು ಉಳಿದ ಕಾರಣಗಳು. ಜಾಗ ತೆರವುಗೊಳಿಸಲು ವಿಂಡೋಸ್‌ನ ಡಿಸ್ಕ್ ಕ್ಲೀನಪ್ ಸಾಕು. ಡೌನ್‌ಲೋಡ್ಸ್ ಫೋಲ್ಡರ್‌ಗೆ ಮಾತ್ರ ಗುರುತು ಹಾಕುವ ಮುನ್ನ ಒಳಗೇನಿದೆಯೆಂದು ನೋಡಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆ ಕೊರತೆಯನ್ನೂ ದುರಸ್ತಿ ತಂತ್ರಾಂಶ ತುಂಬಲಾರದು.

9. ಮುನ್ನೆಚ್ಚರಿಕೆ

ದೇವದುರ್ಗವಾಗಲಿ ಮಾನ್ವಿಯಾಗಲಿ ರಾಯಚೂರು ನಗರದಿಂದ ಸುಮಾರು 50 ಕಿ.ಮೀ. ಆಸುಪಾಸಿನಲ್ಲಿವೆ, ಹಳ್ಳಿಗಳು ಇನ್ನೂ ಒಳಗಿವೆ. ತಂತ್ರಜ್ಞರು ಬರುವವರೆಗೆ ಅಥವಾ ಯಂತ್ರ ನಗರಕ್ಕೆ ಹೋಗಿ ಮರಳುವವರೆಗೆ ಕಾಯುವವರು ಗ್ರಾಮಸ್ಥರು. ಆದ್ದರಿಂದ ಪ್ರತಿ ಕಚೇರಿಯಲ್ಲಿ ಈ ಐದು ಅಂಶಗಳನ್ನು ಪಾಲಿಸತಕ್ಕದ್ದು.

(1) ದಿನನಿತ್ಯದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಅಲ್ಲದ ಸಾಮಾನ್ಯ ಬಳಕೆದಾರ ಖಾತೆಯನ್ನು ಬಳಸುವುದು. ಆಗ ತಂತ್ರಾಂಶ ತುಂಬಲು ಗುಪ್ತಪದ ಬೇಕಾಗುತ್ತದೆ.
(2) ಸಿಸ್ಟಂ ರೀಸ್ಟೋರ್ ಹಲವು ಯಂತ್ರಗಳಲ್ಲಿ ನಿಷ್ಕ್ರಿಯವಾಗಿರುತ್ತದೆ. ಅದನ್ನು ಚಾಲ್ತಿಗೊಳಿಸಿ ಪ್ರತಿ ತಿಂಗಳ ಮೊದಲ ಕೆಲಸದ ದಿನ ಒಂದು ರೀಸ್ಟೋರ್ ಪಾಯಿಂಟ್ ಸೃಷ್ಟಿಸುವುದು.
(3) ಟೋಕನ್, ಮುದ್ರಕ, ಸ್ಕ್ಯಾನರ್ ಮತ್ತು ನುಡಿಯ ಸ್ಥಾಪನಾ ಕಡತಗಳನ್ನು ಒಂದು ಪೆನ್‌ಡ್ರೈವ್‌ನಲ್ಲಿ ಇಡುವುದು.
(4) ವಾರಕ್ಕೊಮ್ಮೆ ಕಚೇರಿಯ ಕಡತಗಳನ್ನು ಹೊರಗಿನ ಡಿಸ್ಕ್‌ಗೆ ನಕಲಿಸಿ, ಡಿಸ್ಕ್ ಅನ್ನು ಯಂತ್ರದಿಂದ ಬೇರ್ಪಡಿಸಿ ಇಡುವುದು.
(5) ‘ಗಣಕಯಂತ್ರ ವಹಿ’ ತೆರೆದು ದಿನಾಂಕ, ಕಂಡ ದೋಷ, ಮಾಡಿದ ಬದಲಾವಣೆ, ಫಲಿತಾಂಶ, ಮಾಡಿದವರ ಸಹಿ ಎಂಬ ಐದು ಅಂಕಣಗಳಲ್ಲಿ ಬರೆಯುವುದು. ಹೊರಗಿನ ತಂತ್ರಜ್ಞರು ಮಾಡಿದ ಕೆಲಸವನ್ನೂ ಇದರಲ್ಲಿಯೇ ದಾಖಲಿಸುವುದು.

10. ಮನನಕ್ಕೆ ಪ್ರಶ್ನೆಗಳು

(1) ದುರಸ್ತಿ ತಂತ್ರಾಂಶವನ್ನು ಮೊದಲೇ ಕಿತ್ತುಹಾಕುವುದರಿಂದ ಆಗಬಹುದಾದ ನಷ್ಟವೇನು?
(2) ‘ಡಿಸ್ಮ್’ ಮೊದಲು, ‘ಎಸ್‌ಎಫ್‌ಸಿ’ ನಂತರ ಏಕೆ?
(3) ನುಡಿಯ ಕಡತ ವಿಚಿತ್ರವಾಗಿ ಕಂಡಾಗ ಮಾಡಬಾರದ ಎರಡು ಕೆಲಸಗಳಾವುವು?
(4) ತಮ್ಮ ಕಚೇರಿಯ ಯಂತ್ರದಲ್ಲಿ ಕೊನೆಯ ರೀಸ್ಟೋರ್ ಪಾಯಿಂಟ್‌ನ ದಿನಾಂಕ ಯಾವುದು? ಉತ್ತರವನ್ನು ಯಂತ್ರದಲ್ಲಿಯೇ ನೋಡಿ, ಗಣಕಯಂತ್ರ ವಹಿಯ ಮೊದಲ ಸಾಲಿನಲ್ಲಿ ಬರೆಯತಕ್ಕದ್ದು. ದಿನಾಂಕವೇ ಕಾಣದಿದ್ದಲ್ಲಿ ಈ ಪಾಠವನ್ನು ಮಡಚಿಡುವ ಮುನ್ನ ಒಂದನ್ನು ಸೃಷ್ಟಿಸತಕ್ಕದ್ದು.